ಮೂರು ಕೆಜಿ ಅಂದರೆ ಅರವತ್ತು ಮೀಟರ್

ತಕ್ಕಡಿಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಅವನೇ ದುಡಿದು ಸಂಪಾದಿಸಿದ್ದು. ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಕೂತಿದ್ದ ಅವನು ಗಂಟು ಕೈಗೆ ಬಂದ ಕೂಡಲೇ ಕಣ್ಣು ಮುಚ್ಚಿ “ಎರಡು ಕೆಜಿ ಮುನ್ನೂರು” ಎನ್ನುತ್ತಿದ್ದ. ಆಮೇಲೆ ಅದನ್ನು ಯಂತ್ರದ ಮೇಲಿಡುತ್ತಿದ್ದ. ಯಂತ್ರ ಅವನ ಮಾತನ್ನು ಒಪ್ಪಿಕೊಂಡ ದಿನ ಅದರ ಮುಖವನ್ನು ಸಾಲಿನಲ್ಲಿ ನಿಂತವರ ಕಡೆ ತಿರುಗಿಸಿ ಎಲ್ಲರಿಗೂ ತೋರಿಸುತ್ತಿದ್ದ. ಒಪ್ಪದ ದಿನ ಯಂತ್ರ ಕೆಟ್ಟಿದೆ ಎಂದು ಮೇಲಧಿಕಾರಿಗೆ ದೂರು ಕೊಡುತ್ತಿದ್ದ.

ಇಂಥ ವಿದ್ಯೆ ಇರುವವನು ವಿದ್ಯೆಯ ಬೇಲಿಯೊಳಗೇ ಇದ್ದಿದ್ದರೆ ಎಲ್ಲರಿಗೂ ಕ್ಷೇಮವಾಗಿತ್ತು. ಆದರೆ ತೂಕ ಗೊತ್ತಿದ್ದವನಿಗೆ ಜಗತ್ತೇ ಗೊತ್ತು ಎಂದು ಅವನು ನಂಬಿದ್ದ. ಅಂಥ ನಂಬಿಕೆಗೆ ಮನೆಯಲ್ಲಿ ಯಾರೂ ಅಡ್ಡಿ ಮಾಡದಿದ್ದರೆ ಅದು ಬಾಡಿಗೆ ಇಲ್ಲದ ಮನೆಯಲ್ಲಿ ಬೆಕ್ಕು ಬೆಳೆದ ಹಾಗೆ ಬೆಳೆದುಬಿಡುತ್ತದೆ.

ಅವನ ಅತ್ತೆ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ, ಲಾರಿ ಓಡಿಸುವ ಮಗನ ಜೊತೆ ಇದ್ದರು. ಮಂಡಿನೋವು ಶುರುವಾದ ಮೇಲೆ ಅವರು ಮೆಟ್ಟಿಲಿಳಿದದ್ದೇ ಇಲ್ಲ. ತರಕಾರಿಯನ್ನು ಬಾಲ್ಕನಿಯಿಂದ ಬುಟ್ಟಿ ಇಳಿಬಿಟ್ಟು ಕೊಳ್ಳುತ್ತಿದ್ದರು, ಚೌಕಾಸಿಯನ್ನೂ ಅಲ್ಲಿಂದಲೇ ಮಾಡುತ್ತಿದ್ದರು. ತಾಯಿಯ ಕಷ್ಟ ನೋಡಲಾರದೆ ಮಗ ಅದೇ ಬೀದಿಯಲ್ಲಿ ನೆಲಮಟ್ಟದ ಮನೆ ಹಿಡಿದ. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ಇಳಿಸುವುದೆಂದು ಮಕ್ಕಳು ತೀರ್ಮಾನಿಸಿದರು.

“ನಾನೇನು ಅಡ್ಡಪಲ್ಲಕ್ಕಿ ಮಹಾರಾಣೀನಾ?” ಎಂದರು ಅತ್ತೆ. “ಬೀದಿ ಜನವೆಲ್ಲ ಬಾಯಿ ಬಿಟ್ಕೊಂಡು ನೋಡ್ಲಿ ಅಂತಲಾ? ನಾನು ಹೇಗೆ ಇಳೀಬೇಕು ಅಂತ ನನಗೆ ಗೊತ್ತಿದೆ. ಮೊದಲು ಬೀರು ಇಳಿಸಿ. ಅದು ಬರದಿದ್ರೆ ನಾನೂ ಬರಲ್ಲ.”

ಬೀರುವಿನದೇ ದೊಡ್ಡ ಫಜೀತಿ. ಬಡಗಿಯಾಗಿದ್ದ ಮಾವ ಅದನ್ನು ಆ ಕೋಣೆಯೊಳಗೇ ಕೂತು ಮಾಡಿದ್ದರು. ಗಟ್ಟಿ ಮರ, ಆಳೆತ್ತರಕ್ಕಿಂತ ಎತ್ತರ, ಬಾಗಿಲ ನೆತ್ತಿಯಲ್ಲಿ ಗಾಳಿಯಾಡಲು ಜಾಲರಿ ಕೆತ್ತನೆ. ಆಮೇಲೆ ಮನೆ ಮಾಲೀಕ ಮೆಟ್ಟಿಲ ತಿರುವಿನಲ್ಲಿ ಒಂದು ಬಚ್ಚಲು ಕಟ್ಟಿಸಿದ್ದ. ಈಗ ಆ ತಿರುವಿನಲ್ಲಿ ಬೀರು ಇರಲಿ, ದಪ್ಪಗಿದ್ದ ನೆಂಟರೇ ಉಸಿರು ಬಿಗಿಹಿಡಿದು ದಾಟಬೇಕಿತ್ತು. ಬಾಲ್ಕನಿಯಿಂದ ಹಗ್ಗ ಕಟ್ಟಿ ಇಳಿಸದೆ ಬೇರೆ ದಾರಿ ಇರಲಿಲ್ಲ.

“ಎಷ್ಟು ಹಗ್ಗ ಬೇಕಾಗುತ್ತೋ” ಎಂದ ಭಾಮೈದ. “ನನ್ನ ಲಾರಿ ಹಗ್ಗ ಲೋಡಿನ ಜೊತೆ ಹೋಗಿದೆ. ಸುತ್ತೋಕೆ, ಇಳಿಸೋಕೆ, ಹಿಡ್ಕೊಳ್ಳೋಕೆ ಎಲ್ಲ ಸೇರಿ ಒಂದು ಮೂವತ್ತು ಮೀಟರ್ ಬೇಕೇನೋ.”

“ಒಂದೂವರೆ ಕೆಜಿ” ಎಂದ ತಕ್ಕಡಿಯಪ್ಪ.

ಉಳಿದವರು ತಲೆಯಾಡಿಸಿದರು. ಹೆಂಡತಿ ಮಾತ್ರ, “ರೀ, ಅವನು ಕೇಳಿದ್ದು ಉದ್ದ” ಎಂದಳು.

“ಉದ್ದ ಅಂದ್ರೂ ಅದೇ, ತೂಕ ಅಂದ್ರೂ ಅದೇ. ನಮ್ಮ ಮನೇಲಿ ಬಟ್ಟೆ ಒಣಹಾಕೋಕೆ ಹಗ್ಗ ತಂದಿದ್ನಲ್ಲ, ಒಂದು ಕೆಜಿ, ಇಪ್ಪತ್ತು ಮೀಟರ್ ಬಂದಿತ್ತು. ಮೂವತ್ತಕ್ಕೆ ಒಂದೂವರೆ. ಆದ್ರೂ ಮಾವನವರು ಮಾಡಿದ ಬೀರು, ಅಪಾಯ ಬೇಡ. ಎರಡರಷ್ಟೇ ತರ್ತೀನಿ. ಮೂರು ಕೆಜಿ, ಅರವತ್ತು ಮೀಟರ್.”

ಲೆಕ್ಕ ಎಷ್ಟು ನುಣ್ಣಗಿತ್ತೆಂದರೆ ಅದರಲ್ಲಿ ಕೈಹಾಕಿ ಹಿಡಿಯಲು ಯಾರಿಗೂ ಒಂದು ಕೊಂಕು ಸಿಗಲಿಲ್ಲ.

ಬೀದಿಯ ತುದಿಯ ಹಗ್ಗದಂಗಡಿಯವನು ಹೆಬ್ಬೆರಳು ಗಾತ್ರದ ಹಗ್ಗ ತೋರಿಸಿ, “ಬೀರು ಇಳಿಸೋಕೆ ಇದೇ ಸರಿ. ಎಷ್ಟು ಉದ್ದ ಬೇಕು ಅಂತ ಹೇಳಿ, ಅಳೆದು ತೂಗಿ ಕೊಡ್ತೀನಿ” ಎಂದ. ತಕ್ಕಡಿಯಪ್ಪ ಕರುಣೆಯಿಂದ ನಕ್ಕ. “ಎರಡೆರಡು ಕೆಲಸ ಯಾಕೆ ಸ್ವಾಮಿ? ಮೂರು ಕೆಜಿ ತೂಗಿ, ಸಾಕು. ಉದ್ದದ ಚಿಂತೆ ನನಗಿರಲಿ.” ಗಿರಾಕಿ ತಾನಾಗಿ ಚಿಂತೆ ಹೊತ್ತುಕೊಂಡಾಗ ಯಾವ ಅಂಗಡಿಯವನೂ ಅದನ್ನು ವಾಪಸು ಕೇಳುವುದಿಲ್ಲ.

ಹಗ್ಗದ ಸುರುಳಿ ನೋಡಿ ಅತ್ತೆ, “ಇಷ್ಟೇನಾ ಅಳಿಯಂದ್ರೆ?” ಎಂದರು.

ತಕ್ಕಡಿಯಪ್ಪ ಅದನ್ನು ಅವರ ಕೈಗೆ ಕೊಟ್ಟ. “ಭಾರ ಇದೆಯಾ ಇಲ್ವಾ?”

“ಇದೆಯಪ್ಪ.”

“ಭಾರ ಇದ್ದ ಮೇಲೆ ಉದ್ದ ಇರ್ಲೇಬೇಕಲ್ಲ. ಸುರುಳಿ ಬಿಗಿಯಾಗಿದೆ, ಅಷ್ಟೇ.”

ಮಧ್ಯಾಹ್ನ ಗಂಡಸರು ಬಾಲ್ಕನಿಯ ಕಬ್ಬಿಣದ ಕಂಬಿಗೆ ಒದ್ದೆ ಗೋಣಿ ಸುತ್ತಿದರು. ಭಾಮೈದನ ಜೊತೆಗೆ ಪಕ್ಕದ ಮನೆಯ ಡ್ರಿಲ್ ಮಾಸ್ತರರೂ ಬಂದಿದ್ದರು. ಹರೆಯದಲ್ಲಿ ಭಾರ ಎತ್ತುವ ಪಂದ್ಯಗಳಿಗೆ ಹೋಗಿದ್ದವರು, ಈಗಲೂ ಕಾಫಿ ಲೋಟವನ್ನು ಕೂಡ ಬೆನ್ನು ನೆಟ್ಟಗೆ ಇಟ್ಟುಕೊಂಡೇ ಎತ್ತುವವರು. ಗೋಣಿ ಸುತ್ತಿ ಬಂದು ಇಬ್ಬರೂ ಸೇರಿ ಬೀರುವಿನ ಬಾಗಿಲು ತೆಗೆಯದಂತೆ ಹಗ್ಗವನ್ನು ಅಡ್ಡಕ್ಕೂ ಉದ್ದಕ್ಕೂ ಬಿಗಿದರು.

“ಭಾವ, ಸುತ್ತೋಕೇ ಅರ್ಧ ಹೋಯ್ತಲ್ಲ” ಎಂದ ಭಾಮೈದ.

“ನಿನ್ನ ಕಣ್ಣಿಗೆ ಹಾಗೆ ಕಾಣುತ್ತೆ. ಕಣ್ಣು ಸುಳ್ಳು ಹೇಳುತ್ತೆ, ಕೆಜಿ ಹೇಳಲ್ಲ” ಎಂದು ತಕ್ಕಡಿಯಪ್ಪ ಕೆಳಗಿಳಿದುಹೋಗಿ ರಸ್ತೆಯ ನಡುವೆ ನಿಂತ. ಸೇನಾಪತಿಗಳು ಯಾವಾಗಲೂ ದೂರದಲ್ಲೇ ನಿಲ್ಲುತ್ತಾರೆ.

ಬೀರು ಕಂಬಿ ದಾಟಿ ಗಾಳಿಗೆ ಬಂತು. ಮೇಲಿನಿಂದ ಡ್ರಿಲ್ ಮಾಸ್ತರರ ದನಿ ಕೇಳಿತು. “ಖಾಲಿ ಬೀರು ನೂರಾ ಹತ್ತು ಕೆಜಿ ಅಂದ್ರಲ್ಲ, ಖಾತ್ರೀನಾ?”

“ನನ್ನ ತೂಕ ತಪ್ಪಲ್ಲ ಮಾಸ್ತರೇ. ಬಿಡಿ, ಬಿಡಿ, ಹಾಗೇ ಬಿಡಿ.”

ಬೀರು ಗೌರವದಿಂದ ಇಳಿಯಿತು. ಒಂದನೇ ಮಹಡಿಯ ಕಿಟಕಿ ದಾಟಿತು. ಕೆಳಗಿದ್ದ ಕ್ಷೌರದಂಗಡಿಯ ಬೋರ್ಡಿನ ಹತ್ತಿರಕ್ಕೆ ಬಂತು. ಅಲ್ಲಿ ನಿಂತಿತು.

“ಬಿಡಿ” ಎಂದ ತಕ್ಕಡಿಯಪ್ಪ.

“ಭಾವ, ಹಗ್ಗ ಮುಗೀತು.”

“ಮುಗಿಯೋಕೆ ಸಾಧ್ಯವೇ ಇಲ್ಲ. ಇನ್ನೂ ನಲವತ್ತು ಮೀಟರ್ ಇದೆ.”

“ಇಲ್ಲ ಭಾವ. ತುದಿ ನನ್ನ ಕೈಯಲ್ಲಿದೆ.”

“ಅದು ಯಾವುದೋ ಬೇರೆ ತುದಿ ಇರ್ಬೇಕು. ಹಿಂದೆ ನೋಡು, ಮಂಚದ ಕೆಳಗೆ ಬಿದ್ದಿರುತ್ತೆ.”

ಹಲ್ಲು ಕಚ್ಚಿ ಭಾರ ಹಿಡಿದವನು ಮಂಚದ ಕೆಳಗೆ ಹುಡುಕಲಾರ, ಭಾವನಿಗೆ ಹೇಳಬೇಕೆನಿಸಿದ್ದನ್ನು ಹೇಳಲೂ ಆರ. ಇಬ್ಬರೂ ಮೆಲ್ಲನೆ ಹಗ್ಗವನ್ನು ಕಂಬಿಗೆ ಇನ್ನೊಂದು ಸುತ್ತು ಹಾಕಿ ಕಾಲು ಕೊಟ್ಟು ನಿಂತರು. ಕಂಬಿ ಕಿರ್ರೆಂದಿತು. ಅದರ ಬುಡದಿಂದ ಸಿಮೆಂಟಿನ ಪುಡಿ ತಕ್ಕಡಿಯಪ್ಪನ ತಲೆಯ ಮೇಲೆ ಸಣ್ಣಗೆ ಉದುರಿತು.

ಬೀರುವಿನ ನೇರ ಕೆಳಗೆ ಕ್ಷೌರದಂಗಡಿಯ ಬಾಗಿಲು. ಒಳಗೆ ಕುರ್ಚಿಯಲ್ಲಿ ಕೂತಿದ್ದವರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಅರ್ಧ ಮುಖ ನುಣುಪಾಗಿತ್ತು, ಇನ್ನರ್ಧದಲ್ಲಿ ಸೋಪಿನ ನೊರೆ ಒಣಗುತ್ತಿತ್ತು. ಕಂಬಿ ಕಿರ್ರೆಂದಾಗಲೆಲ್ಲ ಕ್ಷೌರಿಕನ ಕೈ ನಡುಗುತ್ತಿದ್ದದ್ದರಿಂದ, “ಸದ್ಯಕ್ಕೆ ಕತ್ತಿ ಕೆಳಗಿಡಪ್ಪ” ಎಂದು ಅವರೇ ಹೇಳಿದ್ದರು. ಹೊರಗೆ ಬರೋಣವೆಂದರೆ ತಲೆಯ ಮೇಲೆ ಬೀರು. ಒಳಗೇ ಇರೋಣವೆಂದರೆ ಸಂಜೆಯೊಳಗೆ ಮೇಲಧಿಕಾರಿಯ ಮುಂದೆ ಹಾಜರಾಗಬೇಕು. ಅವರು ಅಂಗಡಿಯ ಕಿಟಕಿಗೆ ಬಂದು ನುಣುಪಾದ ಕೆನ್ನೆಯನ್ನು ಸಾರ್ವಜನಿಕರ ಕಡೆಗಿಟ್ಟು ನಿಂತರು.

ಜನ ಸೇರಿದರು. ಪೇದೆಯೂ ಬಂದ. “ಯಾರದ್ದು ಇದು?” ಎಂದು ಬೀರುವಿನ ಕಡೆ ಲಾಠಿ ತೋರಿಸಿದ.

“ನಮ್ಮತ್ತೆದು” ಎಂದ ತಕ್ಕಡಿಯಪ್ಪ.

“ಅತ್ತೇನ ಕರೀರಿ.”

ಹೆಂಡತಿ ಅಮ್ಮನನ್ನು ಕರೆಯಲು ಕೋಣೆಗೆ ಹೋದಳು. ಅಡಿಗೆಮನೆಗೆ ಹೋದಳು. ಬಚ್ಚಲು ನೋಡಿದಳು. ಬಾಲ್ಕನಿಗೆ ಬಂದಾಗ ಅವಳ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು.

“ರೀ, ಅಮ್ಮ ಇಲ್ಲ.”

“ಇಲ್ಲ ಅಂದ್ರೆ? ಮೆಟ್ಟಿಲು ಇಳಿಯೋಕಾಗಲ್ಲ ಅವರಿಗೆ.”

“ಅದನ್ನೇ ನಾನೂ ಹೇಳ್ತಿರೋದು.”

ಆಗ ಡ್ರಿಲ್ ಮಾಸ್ತರರು ಉಸಿರು ಬಿಗಿಹಿಡಿದೇ ಮಾತಾಡಿದರು. “ನೋಡಿ, ನಾನು ನೂರಾ ಹತ್ತು ಎತ್ತಿದವನು. ನೂರಾ ಹತ್ತು ನನ್ನ ಕೈಗೆ ಗೊತ್ತು. ಇದು ನೂರಾ ಹತ್ತಲ್ಲ. ನೂರಾ ಅರವತ್ತಕ್ಕೆ ಕಡಿಮೆ ಇಲ್ಲ.”

ತಕ್ಕಡಿಯಪ್ಪನ ತಲೆ ಅಭ್ಯಾಸಬಲದಿಂದ ಕಳೆಯಿತು. ಉಳಿದದ್ದು ಐವತ್ತು. ಅತ್ತೆಯನ್ನು ಅವನು ಎಂದೂ ಎತ್ತಿ ನೋಡಿರಲಿಲ್ಲ, ಆದರೆ ಕಣ್ಣಳತೆಯಲ್ಲಿ ಐವತ್ತು ಎಂದು ಮದುವೆಯ ದಿನವೇ ತೂಗಿಟ್ಟಿದ್ದ. ಅವನು ಮೇಲೆ ನೋಡಿದ. ಬೀರು ನಿಧಾನವಾಗಿ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ತನ್ನ ತೂಕದ ಅಂದಾಜು ತಪ್ಪಾಗಿರಲಿ ಎಂದು ಅವನು ಹಾರೈಸಿದ್ದು ಹುಟ್ಟಿದ ಮೇಲೆ ಅದೇ ಮೊದಲು.

“ಅತ್ತೆ” ಎಂದು ಕೂಗಿದ. “ಒಳಗಿದ್ದೀರಾ?”

ಬೀರು ಏನೂ ಹೇಳಲಿಲ್ಲ.

“ಇದ್ರೆ ಒಂದು ಸಲ ತಟ್ಟಿ. ಇಲ್ದಿದ್ರೆ ಎರಡು ಸಲ ತಟ್ಟಿ” ಎಂದ ಪೇದೆ. ಕಾಯ್ದೆಯ ಪ್ರಕಾರ ಪ್ರಶ್ನೆ ಸರಿಯಾಗಿತ್ತು. ಉತ್ತರ ಮಾತ್ರ ಬರಲಿಲ್ಲ.

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡಳು. ಭಾಮೈದ ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದ. ಪೇದೆ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿದ. ಆ ಕಡೆಯವರು ಕೇಳಿದ್ದು ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿತು. “ಬೆಂಕಿ ಬಿದ್ದಿದೆಯಾ? ... ಇಲ್ವಾ? ಒಳಗೆ ಯಾರಾದ್ರೂ ಇದ್ದಾರಾ? ... ಗೊತ್ತಿಲ್ವಾ? ಗೊತ್ತು ಮಾಡ್ಕೊಂಡು ಫೋನ್ ಮಾಡಿ. ವಾಹನ ಒಂದೇ ಇರೋದು, ಅದೂ ಇನ್ನೊಂದು ಕಡೆ ಹೋಗಿದೆ.”

“ಎಷ್ಟು ಹಗ್ಗ ತಂದಿದ್ರಿ?” ಎಂದು ಪೇದೆ ತಕ್ಕಡಿಯಪ್ಪನ ಕಡೆ ತಿರುಗಿದ.

“ಅರವತ್ತು ಮೀಟರ್.”

“ಅಳೆದಿದ್ರಾ?”

“ತೂಗಿದ್ದೆ. ಮೂರು ಕೆಜಿ.”

ಕಿಟಕಿಯಲ್ಲಿದ್ದ ಇನ್ಸ್‌ಪೆಕ್ಟರು ಈ ಮಾತು ಕೇಳಿ ತಮ್ಮ ನೊರೆಯ ಕೆನ್ನೆಯನ್ನೂ ಮರೆತು ಪೂರ್ತಿ ಮುಖ ತೋರಿಸಿದರು. “ಏನಂದ್ರಿ? ಮೂರು ಕೆಜಿ ಅರವತ್ತು ಮೀಟರಾ? ಯಾರು ಹೇಳಿದ್ದು ನಿಮಗೆ?”

“ಯಾರೂ ಹೇಳ್ಬೇಕಾಗಿಲ್ಲ ಸಾರ್. ಕೆಜೀನ ಮೀಟರ್ ಮಾಡೋದು ಸುಲಭ. ಒಂದಕ್ಕೆ ಇಪ್ಪತ್ತು. ನಮ್ಮ ಮನೇಲಿ ಬಟ್ಟೆ ಒಣಹಾಕೋ ಹಗ್ಗಕ್ಕೆ ಹಾಗೇ ಬಂದಿತ್ತು.”

“ನಿಮ್ಮ ಎತ್ತರ ಎಷ್ಟು?”

“ಐದಡಿ ಆರಿಂಚು.”

“ತೂಕ?”

“ಅರವತ್ತೊಂದು.” ಇದನ್ನು ಹೇಳುವಾಗ ಆ ಸ್ಥಿತಿಯಲ್ಲೂ ಅವನ ದನಿಯಲ್ಲಿ ಒಂದು ಖಚಿತತೆ ಬಂತು.

ಇನ್ಸ್‌ಪೆಕ್ಟರು ಪೇದೆಯನ್ನು ಕರೆದು ತಕ್ಕಡಿಯಪ್ಪನ ಪಕ್ಕದಲ್ಲಿ ನಿಲ್ಲಿಸಿದರು. ನೆತ್ತಿಗೆ ನೆತ್ತಿ ಸಮ. “ಇವರೂ ಅಷ್ಟೇ ಎತ್ತರ. ಇವರ ತೂಕ?”

ಪೇದೆ ಸುತ್ತಲಿನ ಜನರನ್ನು ನೋಡಿ ಬೆಲ್ಟ್ ಸರಿಮಾಡಿಕೊಂಡ. “ಅದು ಈ ವಿಚಾರಣೆಗೆ ಸಂಬಂಧವಿಲ್ಲ ಸಾರ್.”

“ತೊಂಬತ್ತು” ಎಂದ ತಕ್ಕಡಿಯಪ್ಪ, ತಡೆಯಲಾರದೆ.

“ಈಗ ಹೇಳಿ. ಐದಡಿ ಆರಿಂಚು ಅಂದ್ರೆ ಎಷ್ಟು ಕೆಜಿ? ಅರವತ್ತೊಂದೋ, ತೊಂಬತ್ತೋ? ಯಾವ ಮನುಷ್ಯ ಅಂತ ಗೊತ್ತಿಲ್ದೆ ಹೇಳೋಕಾಗುತ್ತಾ? ಹಗ್ಗನೂ ಹಾಗೇನೇ. ನಿಮ್ಮ ಬಟ್ಟೆ ಒಣಹಾಕೋ ಹಗ್ಗ ನಿಮ್ಮ ಹಾಗೆ ಸಣಕಲು, ಕೆಜಿಗೆ ಇಪ್ಪತ್ತು ಮೀಟರ್ ಬಂತು. ಇದು ಇವರ ಹಾಗೆ ದಪ್ಪ ಹಗ್ಗ.” ಪೇದೆ ಕೆಮ್ಮಿದ. “ಕೆಜಿ ಹೇಳೋದು ಎಷ್ಟು ಭಾರ ಅಂತ. ಮೀಟರ್ ಹೇಳೋದು ಎಷ್ಟು ದೂರ ಅಂತ. ಎರಡಕ್ಕೂ ನೇರ ನೆಂಟಸ್ತಿಕೆ ಇಲ್ಲ ಸ್ವಾಮಿ. ಮಧ್ಯಸ್ಥಿಕೆಗೆ ಇಂಥದ್ದೇ ಹಗ್ಗ ಅಂತ ಒಂದು ಹಗ್ಗ ನಿಲ್ಬೇಕು. ನೀವು ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕಿದ್ದೀರಿ, ಆ ಗಂಟಲ್ಲಿ ನಿಮ್ಮತ್ತೇನ ನೇತುಹಾಕಿದ್ದೀರಿ.”

ಬೇರೆ ದಿನವಾಗಿದ್ದರೆ ತಕ್ಕಡಿಯಪ್ಪ ವಾದಿಸುತ್ತಿದ್ದ. ಆದರೆ ಸಿಮೆಂಟಿನ ಪುಡಿಯ ಜೊತೆಗೆ ಈಗ ಕಡಲೆಕಾಳಿನಷ್ಟು ದಪ್ಪದ ಚೂರೊಂದು ಅವನ ಹೆಗಲಿಗೆ ಬಿತ್ತು. ಹೆಂಡತಿ ಮೇಲಿನಿಂದ ಅವನನ್ನೇ ನೋಡುತ್ತಿದ್ದಳು. ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಅದೇ ಅವನಿಗೆ ಹೆಚ್ಚು ಹೆದರಿಕೆ ತಂದಿತು.

“ಭಾವ, ಇನ್ನೊಂದು ಹಗ್ಗ ಬೇಕು” ಎಂದು ಭಾಮೈದ ಕಷ್ಟಪಟ್ಟು ಹೇಳಿದ. “ತುದಿಗೆ ಗಂಟು ಹಾಕಿ ಇಳಿಸ್ತೀನಿ. ಬೇಗ.”

ತಕ್ಕಡಿಯಪ್ಪ ಓಡಿದ. ಅಂಚೆಯ ಗುಮಾಸ್ತರು ಓಡುವುದನ್ನು ಆ ಬೀದಿ ಎಂದೂ ಕಂಡಿರಲಿಲ್ಲ, ಹಣ್ಣಿನ ಗಾಡಿಯವನು ಗಾಡಿಯನ್ನೇ ಪಕ್ಕಕ್ಕೆಳೆದುಕೊಂಡ. ಹಗ್ಗದಂಗಡಿಯವನು ಅವನನ್ನು ನೋಡಿ ತಕ್ಕಡಿಗೆ ಕೈಹಾಕಿದ. “ಬನ್ನಿ ಸಾರ್. ಎಷ್ಟು ಕೆಜಿ?”

ಕೆಜಿ ಎಂಬ ಶಬ್ದ ಕೇಳಿಯೇ ತಕ್ಕಡಿಯಪ್ಪನ ಬೆನ್ನಲ್ಲಿ ಬೆವರಿಳಿಯಿತು. “ಕೆಜಿ ಬೇಡ. ಅದೇ ದಪ್ಪ ಹಗ್ಗ, ಉದ್ದ ಕೊಡಿ.”

“ನಾನು ತೂಕಕ್ಕೇ ಮಾರೋದು ಸಾರ್. ನೀವೇ ತಾನೇ ಬೆಳಿಗ್ಗೆ ಅಂದದ್ದು, ಎರಡೆರಡು ಕೆಲಸ ಯಾಕೆ ಅಂತ?”

“ನಾನು ಅಂದದ್ದನ್ನ ಮರೆತುಬಿಡಿ. ಮೊದಲು ಅಳೀರಿ, ಆಮೇಲೆ ತೂಗಿ. ಅಲ್ಲಿ ನಮ್ಮತ್ತೆ ಗಾಳೀಲಿದ್ದಾರೆ.”

ಅಂಗಡಿಯವನು ಅವನ ಮುಖ ನೋಡಿ, ಎರಡು ತೋಳು ಚಾಚಿ ಹಗ್ಗವನ್ನು ಮಾರು ಹಾಕತೊಡಗಿದ. ಒಂದು ಮಾರು, ಎರಡು ಮಾರು. ಅವನು ಎಣಿಸಿದ್ದಕ್ಕಿಂತ ಜೋರಾಗಿ ತಕ್ಕಡಿಯಪ್ಪನ ಎದೆ ಎಣಿಸಿತು. ಹತ್ತು ಮಾರಿಗೆ ಕತ್ತರಿಸಿ ತೂಗಿದಾಗ ಮುಳ್ಳು ಮೂರೂಕಾಲು ಕೆಜಿ ದಾಟಿತು. ಬರೀ ಹತ್ತು ಮಾರು. ತಕ್ಕಡಿಯಪ್ಪ ಮುಳ್ಳನ್ನು ನೋಡಿದ, ಹಗ್ಗ ನೋಡಿದ. ಆಮೇಲೆ ಎರಡನ್ನೂ ನೋಡುವುದು ಬಿಟ್ಟು, “ಯಂತ್ರ ಸರಿ ಇದೆಯಾ?” ಎಂದು ಕೂಡ ಕೇಳದೆ ಓಡಿದ.

ಮೆಟ್ಟಿಲ ತಿರುವಿನಲ್ಲಿ ಹೆಗಲಿನ ಸುರುಳಿ ಸಿಕ್ಕಿಕೊಂಡಿತು. ಅವನು ಮಾಲೀಕನ ಬಚ್ಚಲನ್ನು ಒಮ್ಮೆ ಮನಸಾರೆ ಬೈದು ಬಿಡಿಸಿಕೊಂಡ. ಮೇಲೆ ಡ್ರಿಲ್ ಮಾಸ್ತರರು ಒಬ್ಬರೇ ಭಾರಕ್ಕೆ ನಿಂತರು, ಅವರ ಕತ್ತಿನ ನರ ಹಗ್ಗದಷ್ಟೇ ದಪ್ಪವಾಯಿತು. ಭಾಮೈದ ಲಾರಿಯವರ ಗಂಟು ಹಾಕಿದ, ಎಳೆದು ನೋಡಿದ, ಮತ್ತೊಮ್ಮೆ ಎಳೆದು ನೋಡಿದ.

“ಗಂಟು ಕಂಬಿ ದಾಟೋವಾಗ ಒಂದು ಕುಲುಕು ಬರುತ್ತೆ” ಎಂದ. “ಭಾವ, ನೀವೂ ಹಿಡ್ಕೊಳ್ಳಿ. ಏನೂ ಹೇಳ್ಬೇಡಿ. ಬರೀ ಹಿಡ್ಕೊಳ್ಳಿ.”

ತಕ್ಕಡಿಯಪ್ಪ ಹಿಡಿದ. ಆ ಭಾರ ಅವನ ಅಂಗೈಗೆ ಬಂದದ್ದೇ ಅವನಿಗೆ ಗೊತ್ತಾಗಿಹೋಯಿತು. ಮಾಸ್ತರರು ಸರಿ. ನೂರಾ ಅರವತ್ತು. ಅತ್ತೆ ಒಳಗಿದ್ದಾರೆ. ಅವನು ಬಾಯಿ ಬಿಡಲಿಲ್ಲ.

ಗಂಟು ಕಂಬಿಯ ಹತ್ತಿರ ಬಂತು, ಗೋಣಿಗೆ ತಗುಲಿತು, ನಿಂತಿತು. ಬೀದಿಯಲ್ಲಿ ಒಬ್ಬರೂ ಉಸಿರಾಡಲಿಲ್ಲ. ಗಂಟು ದಡಕ್ಕನೆ ಆ ಕಡೆ ಬಿತ್ತು. ಬೀರು ಒಂದು ಗೇಣು ಜಿಗಿಯಿತು, ಕಂಬಿ ಬಾಗಿತು, ಮೂವರ ಅಂಗೈಯೂ ಸುಟ್ಟಿತು. ಕೆಳಗೆ ಕ್ಷೌರಿಕ ಕುರ್ಚಿಯ ಹಿಂದೆ ಕೂತುಬಿಟ್ಟ. ಆದರೆ ಹಗ್ಗ ನಿಂತಿತು. ಮತ್ತೆ ಗೇಣು ಗೇಣಾಗಿ ಜಾರಿತು. ಕಡೆಗೆ ಧೊಪ್ಪೆಂದು ಒಂದು ಸದ್ದಾಗಿ ಕೈಯೊಳಗಿನ ಭಾರ ಇದ್ದಕ್ಕಿದ್ದಂತೆ ಇಲ್ಲವಾಯಿತು.

ತಕ್ಕಡಿಯಪ್ಪ ಮೆಟ್ಟಿಲಿಳಿದನೋ ಉರುಳಿದನೋ ಅವನಿಗೇ ತಿಳಿಯಲಿಲ್ಲ, ಹೆಂಡತಿಯೂ ಅವನ ಹಿಂದೆಯೇ ಬಂದಳು. ಕ್ಷೌರಿಕ ಕತ್ತಿ ತಂದು ಹಗ್ಗ ಕುಯ್ದ. ಪೇದೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಅದನ್ನು ನೋಡಿ ಹೆಂಡತಿ ಗಂಡನ ತೋಳು ಹಿಡಿದಳು. ಇನ್ಸ್‌ಪೆಕ್ಟರು ಹೊರಗೆ ಬಂದು ಬೀರುವಿನ ಬಾಗಿಲು ತೆರೆದರು.

ಒಳಗೆ, ತಾವೇ ಹಾಸಿಕೊಂಡಿದ್ದ ಕಂಬಳಿಗಳ ಮೇಲೆ ಗೋಡೆಗೊರಗಿದ ಹಾಗೆ ಒರಗಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಕೂತಿದ್ದರು. ಕಣ್ಣು ಮುಚ್ಚಿತ್ತು. ಬಾಯಿ ಸ್ವಲ್ಪ ತೆರೆದಿತ್ತು.

“ಅಮ್ಮ” ಎಂದಳು ಮಗಳು.

ಅತ್ತೆ ಗೊರಕೆ ಹೊಡೆದರು.

ಆ ಗೊರಕೆ ಕೇಳಿ ಬೀದಿಗೆ ಬೀದಿಯೇ ಉಸಿರು ಬಿಟ್ಟಿತು. ಅದೇ ಸದ್ದಿಗೆ ಅವರಿಗೆ ಎಚ್ಚರವಾಯಿತು. ಅವರು ಬೆಳಕಿಗೆ ಕಣ್ಣು ಕಿರಿದು ಮಾಡಿ, ಸುತ್ತ ನಿಂತವರನ್ನು ನೋಡಿ, ಸೆರಗು ಸರಿಮಾಡಿಕೊಂಡರು. ಯಾರ ಕೈಯನ್ನೂ ಹಿಡಿಯದೆ ಬೀರುವಿನ ಅಂಚು ಹಿಡಿದು ರಸ್ತೆಗೆ ಕಾಲಿಟ್ಟರು.

“ಕುರ್ಚೀಲಿ ಹೊತ್ತು ತರ್ತಾರಂತೆ” ಎಂದರು. “ಬೀರು ಹೇಗೂ ಇಳೀತಿತ್ತಲ್ಲ. ನಿಮ್ಮಪ್ಪ ಮಾಡಿದ್ದು, ಮೋಸ ಮಾಡಲ್ಲ ಅಂತ ಹತ್ತಿ ಕೂತೆ. ಸ್ವಲ್ಪ ತೂಗಿದ ಹಾಗಾಯ್ತು, ನಿದ್ದೆ ಬಂದುಬಿಡ್ತು.” ಆಮೇಲೆ ಅಳಿಯನ ಕಡೆ ತಿರುಗಿದರು. “ಅಳಿಯಂದ್ರೆ, ಮಧ್ಯದಲ್ಲಿ ಒಂದು ಕಡೆ ನಿಲ್ಲಿಸಿದ ಹಾಗಿತ್ತಲ್ಲ. ಯಾಕೆ?”

ಎಲ್ಲರ ಕಣ್ಣೂ ತಕ್ಕಡಿಯಪ್ಪನ ಮೇಲೆ ಬಿತ್ತು. ಇನ್ಸ್‌ಪೆಕ್ಟರು ಗಂಟಲು ಸರಿಮಾಡಿಕೊಂಡರು. ಹೆಂಡತಿ ಸೊಂಟಕ್ಕೆ ಕೈಯಿಟ್ಟಳು.

“ಒಂದೇ ಸಮ ಇಳಿಸಿದ್ರೆ ನಿಮಗೆ ತಲೆ ಸುತ್ತುತ್ತೇನೋ ಅಂತ, ಅತ್ತೆ” ಎಂದ ತಕ್ಕಡಿಯಪ್ಪ.

ಅತ್ತೆಯ ಮುಖ ಅರಳಿತು. “ನೋಡಿದ್ಯೇನೇ?” ಎಂದು ಮಗಳಿಗೆ ಹೇಳಿದರು. “ಎಷ್ಟು ಮುಂದಾಲೋಚನೆ. ನಿನ್ನ ತಮ್ಮನಿಗೆ ಇದು ಹೊಳೀತಿತ್ತಾ?”

ಮೇಲೆ ಬಾಲ್ಕನಿಯಲ್ಲಿ, ಸುಲಿದ ಅಂಗೈಯನ್ನು ಊದಿಕೊಳ್ಳುತ್ತಿದ್ದ ತಮ್ಮ ಆ ಮಾತನ್ನು ಕೇಳಿಸಿಕೊಂಡ. ಊದುವುದನ್ನು ನಿಲ್ಲಿಸಿದ. ಕಂಬಿಯ ಮೇಲೆ ಉಳಿದಿದ್ದ ಹಗ್ಗವನ್ನು ಬಿಚ್ಚಿ, ಅವಸರವಿಲ್ಲದೆ ಮುಂಗೈಗೆ ಸುತ್ತಿಕೊಳ್ಳುತ್ತ, ಮೆಟ್ಟಿಲ ಕಡೆ ಹೊರಟ.

ಉಳಿದರ್ಧ ಮುಖದ ಕ್ಷೌರಕ್ಕೆಂದು ಇನ್ಸ್‌ಪೆಕ್ಟರು ಅಂಗಡಿಯೊಳಗೆ ಕಾಲಿಟ್ಟರು. ಅವರ ಬೆನ್ನಿಗಂಟಿಕೊಂಡೇ ತಕ್ಕಡಿಯಪ್ಪನೂ ಒಳಗೆ ಸೇರಿ ಅಗುಳಿ ಹಾಕಿಕೊಂಡ.